ದಾವಣಗೆರೆಯಲ್ಲಿ ರೊಟ್ಟಿ, ಚಟ್ನಿಪುಡಿ ಅಂಗಡಿ ತೆರೆಯಲು ಯಾವ ಪರವಾನಗಿ ಮೊದಲು?

ನಿಟುವಳ್ಳಿ ನಿವಾಸಿ | 3 ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ನಾದಿನಿ ಕೆಲವು ವರ್ಷಗಳಿಂದ ಮನೆಯಲ್ಲಿಯೇ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮತ್ತು ಅಗಸೆ ಪುಡಿ ಮಾಡಿ ಪರಿಚಯದವರಿಗೂ, ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳಿಗೂ ಕೊಡುತ್ತ ಬಂದಿದ್ದೇವೆ. ಬೇಡಿಕೆ ಹೆಚ್ಚಿರುವುದರಿಂದ ನಮ್ಮ ಮನೆಯ ಸಮೀಪದಲ್ಲಿ ಒಂದು ಶಟರಿನ ಮಳಿಗೆಯನ್ನು, ಅದರ ಹಿಂದಿರುವ ಕೋಣೆಯೊಂದಿಗೆ, ಬಾಡಿಗೆಗೆ ಹಿಡಿಯಬೇಕೆಂದಿದ್ದೇವೆ. ಹಿಂದಿನ ಕೋಣೆಯಲ್ಲಿ ತಯಾರಿಕೆ, ಮುಂದೆ ಮಾರಾಟ, ಜೊತೆಗೆ ಊರಿನ ಕೆಲವು ಕಿರಾಣಿ ಅಂಗಡಿಗಳಿಗೆ ಪೊಟ್ಟಣ ಕಟ್ಟಿ ಕೊಡುವುದು ನಮ್ಮ ಯೋಜನೆ. ಜೋಳವನ್ನು ಹೊರಗಿನ ಗಿರಣಿಯಲ್ಲಿಯೇ ಬೀಸಿಸುತ್ತೇವೆ. ಚಟ್ನಿಪುಡಿಗೆ ಮಾತ್ರ ಒಂದು ಸಣ್ಣ ಯಂತ್ರವನ್ನು ಕೂರಿಸಬೇಕು. ಕೆಲಸಕ್ಕೆ ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಳ್ಳಲಿದ್ದೇವೆ.

ಪಾಲಿಕೆಯ ಪರವಾನಗಿ, ಆಹಾರ ಇಲಾಖೆಯ ನೋಂದಣಿ, ಕಾರ್ಮಿಕ ಇಲಾಖೆ, ಉದ್ಯಮ್, ಜಿಎಸ್‌ಟಿ ಎಂದು ಒಬ್ಬೊಬ್ಬರು ಒಂದೊಂದನ್ನು ಹೇಳುತ್ತಿದ್ದಾರೆ. ಇವುಗಳಲ್ಲಿ ನಮಗೆ ನಿಜವಾಗಿ ಬೇಕಾದವು ಯಾವುವು, ಯಾವುದನ್ನು ಮೊದಲು ಮಾಡಿಸಬೇಕು ಎಂಬುದು ತಿಳಿಯುತ್ತಿಲ್ಲ. ಒಬ್ಬ ಮಧ್ಯವರ್ತಿ ಎಲ್ಲವನ್ನೂ ಒಂದೇ ಮೊತ್ತಕ್ಕೆ ಮಾಡಿಸಿಕೊಡುವುದಾಗಿ ಹೇಳುತ್ತಾರೆ; ಯಾವುದಕ್ಕೆ ಎಷ್ಟು ಶುಲ್ಕ ಎಂದು ಕೇಳಿದರೆ ಬಿಡಿಸಿ ಹೇಳುವುದಿಲ್ಲ. ಮಳಿಗೆಯ ಮಾಲೀಕರು ಬಾಡಿಗೆಗೆ ಒಪ್ಪಿದ್ದಾರೆ, ಆದರೆ ಖಾತಾ ನಕಲು ಕೊಡಲು ಹಿಂದೆಮುಂದೆ ನೋಡುತ್ತಿದ್ದಾರೆ. ಈ ಕೆಲಸವನ್ನು ನಾವೇ ಓಡಾಡಿ ಮಾಡಿಕೊಳ್ಳಬೇಕೆಂಬ ಮನಸ್ಸಿದೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ತೆರಿಗೆ ಸಲಹೆಗಾರ, ಪಿ.ಜೆ. ಬಡಾವಣೆ | 3 ನವೆಂಬರ್ 2025

ಅಕ್ಕನವರೇ, ನೀವು ಕೊನೆಯಲ್ಲಿ ಹೇಳಿರುವ ಖಾತಾ ನಕಲಿನ ವಿಷಯವನ್ನೇ ನಾನು ಮೊದಲು ತೆಗೆದುಕೊಳ್ಳುತ್ತೇನೆ. ಪರವಾನಗಿಗಳ ಪಟ್ಟಿ ಎಷ್ಟೇ ಉದ್ದವಾಗಿರಲಿ, ಅವೆಲ್ಲವೂ ಒಂದು ವಿಳಾಸದ ಮೇಲೆ ನಿಲ್ಲುತ್ತವೆ. ಆ ವಿಳಾಸವನ್ನು ಸಾಬೀತುಪಡಿಸುವ ಕಾಗದಗಳು, ಅಂದರೆ ಬಾಡಿಗೆ ಕರಾರು, ಖಾತಾ ನಕಲು, ಚಾಲ್ತಿ ಸಾಲಿನ ಆಸ್ತಿ ತೆರಿಗೆ ರಸೀದಿ ಮತ್ತು ಮಾಲೀಕರ ಒಪ್ಪಿಗೆ ಪತ್ರ, ಕೈಯಲ್ಲಿಲ್ಲದೆ ಯಾವ ಕಚೇರಿಗೆ ಹೋದರೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಮುಂಗಡ ಹಣ ಕೊಡುವುದಕ್ಕೆ ಮುಂಚೆಯೇ ಈ ಕಾಗದಗಳ ಬಗ್ಗೆ ಇತ್ಯರ್ಥ ಮಾಡಿಕೊಳ್ಳಿ.

ಮಾಲೀಕರು ಹಿಂಜರಿಯುವುದಕ್ಕೆ ಸಾಮಾನ್ಯವಾಗಿ ಒಂದು ಕಾರಣವಿರುತ್ತದೆ. ವಾಣಿಜ್ಯ ಬಳಕೆಯ ಕಟ್ಟಡಕ್ಕೆ ವಾಸದ ಕಟ್ಟಡಕ್ಕಿಂತ ಹೆಚ್ಚಿನ ದರದಲ್ಲಿ ಆಸ್ತಿ ತೆರಿಗೆ ಬೀಳುತ್ತದೆ. ಮಳಿಗೆಯನ್ನು ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದರೂ ಪಾಲಿಕೆಯ ದಾಖಲೆಯಲ್ಲಿ ಅದು ಇನ್ನೂ ವಾಸದ ಮನೆಯೆಂದೇ ಉಳಿದಿದ್ದರೆ, ನಿಮ್ಮ ಅರ್ಜಿಯಿಂದ ಅದು ಬೆಳಕಿಗೆ ಬರುತ್ತದೆ ಎಂಬ ಅಳುಕು ಅವರಿಗಿರುತ್ತದೆ. ಅವರೊಂದಿಗೆ ಮುಚ್ಚುಮರೆಯಿಲ್ಲದೆ ಮಾತನಾಡಿ. ತೆರಿಗೆಯಲ್ಲಿ ವ್ಯತ್ಯಾಸ ಬಂದರೆ ಅದನ್ನು ಯಾರು ಭರಿಸಬೇಕೆಂಬುದನ್ನು ಕರಾರಿನಲ್ಲಿಯೇ ಒಂದು ಷರತ್ತಾಗಿ ಬರೆಸಿಕೊಂಡರೆ ಬಹಳಷ್ಟು ಮಾಲೀಕರು ಒಪ್ಪುತ್ತಾರೆ. ಅದಕ್ಕೂ ಒಪ್ಪದಿದ್ದರೆ ಆ ಮಳಿಗೆಯನ್ನು ಬಿಟ್ಟು ಬೇರೆ ನೋಡುವುದೇ ಒಳ್ಳೆಯದು. ಕಾಗದ ಕೊಡದ ಮಾಲೀಕರ ಮಳಿಗೆಯಲ್ಲಿ ಆಹಾರದ ಉದ್ಯಮವನ್ನು ನ್ಯಾಯವಾಗಿ ನಡೆಸಲು ಸಾಧ್ಯವಿಲ್ಲ. ಒಂದು ವರ್ಷಕ್ಕೆ ಮೀರಿದ ಅವಧಿಯ ಕರಾರನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದಕ್ಕಾಗಿಯೇ ಬಹಳ ಜನ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಯಂತ್ರ, ಕಪಾಟು ಎಂದು ಹಣ ಹಾಕುವವರು ಮೂರು ವರ್ಷಕ್ಕೆ ಬರೆಸಿ ನೋಂದಾಯಿಸಿಕೊಳ್ಳುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಕರಾರು ಸಿದ್ಧವಾದ ಬಳಿಕ ಎರಡು ಅರ್ಜಿಗಳನ್ನು ಒಟ್ಟಿಗೆ ಹಾಕಬಹುದು.

ಮೊದಲನೆಯದು ಆಹಾರ ಸುರಕ್ಷತಾ ನೋಂದಣಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಬಂದ 2011ರ ನಿಯಮಾವಳಿಯ ಪ್ರಕಾರ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯೊಳಗಿದ್ದು, ದಿನದ ತಯಾರಿಕೆ 100 ಕಿಲೋ ಮೀರದ ಸಣ್ಣ ತಯಾರಕರಿಗೆ ನೋಂದಣಿ ಸಾಕು, ಪರವಾನಗಿ ಬೇಕಿಲ್ಲ. ಅರ್ಜಿ ನಮೂನೆ ಎ, ಶುಲ್ಕ ವರ್ಷಕ್ಕೆ 100 ರೂಪಾಯಿ. ಫೋಸ್ಕಾಸ್ ಎಂಬ ಜಾಲತಾಣದಲ್ಲಿ ನೀವೇ ಅರ್ಜಿ ತುಂಬಬಹುದು. ಭಾವಚಿತ್ರ, ಗುರುತಿನ ಚೀಟಿ ಮತ್ತು ಸ್ಥಳದ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಅಧಿಕಾರಿಗಳು ಏಳು ದಿನಗಳೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ತಿಳಿಸಿ ತಿರಸ್ಕರಿಸಬೇಕು, ಇಲ್ಲವೇ ಸ್ಥಳ ಪರಿಶೀಲನೆಗೆ ಬರುವುದಾಗಿ ಸೂಚನೆ ಕೊಡಬೇಕು. ವಹಿವಾಟು ಮಿತಿ ದಾಟಿದರೆ ರಾಜ್ಯದ ಪರವಾನಗಿಗೆ ಏರಬೇಕಾಗುತ್ತದೆ, ಅದರ ಶುಲ್ಕವೂ ತಪಾಸಣೆಯೂ ಬೇರೆ. ಈ ಮಿತಿಗಳನ್ನು ಅಧಿಸೂಚನೆಯ ಮೂಲಕ ಬದಲಿಸುವುದುಂಟು, ಹಾಗಾಗಿ ಅರ್ಜಿ ಹಾಕುವ ದಿನ ಜಾಲತಾಣದಲ್ಲಿರುವ ಅಂಕಿಯನ್ನೇ ನಂಬಿ.

ಎರಡನೆಯದು ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿ. ನಮ್ಮೂರು 2007ರಲ್ಲಿ ಮಹಾನಗರ ಪಾಲಿಕೆಯಾದಂದಿನಿಂದ ಇಲ್ಲಿಗೆ ಅನ್ವಯಿಸುವುದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಆಹಾರ ತಯಾರಿಸಿ ಮಾರುವುದು ಪರವಾನಗಿ ಬೇಕಾದ ವ್ಯಾಪಾರಗಳ ಪಟ್ಟಿಗೆ ಸೇರುತ್ತದೆ. ವಿದ್ಯುತ್ತಿನಿಂದ ನಡೆಯುವ ಯಂತ್ರವನ್ನು ಕೂರಿಸುವುದಾದರೆ ಅದರ ಅಶ್ವಶಕ್ತಿಯನ್ನು ಅರ್ಜಿಯಲ್ಲಿಯೇ ನಮೂದಿಸಿ, ಆಮೇಲೆ ಸೇರಿಸಲು ಹೋದರೆ ಮತ್ತೊಮ್ಮೆ ಪರಿಶೀಲನೆಯಾಗುತ್ತದೆ. ಈ ಪರವಾನಗಿ ಆರ್ಥಿಕ ವರ್ಷಕ್ಕೆ ಕೊಡುವಂಥದ್ದು. ನೀವು ಡಿಸೆಂಬರಿನಲ್ಲಿ ಪಡೆದರೂ ಮಾರ್ಚ್ 31ಕ್ಕೆ ಮುಗಿಯುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ನವೀಕರಣದ ಕುರಿತು ಅಲ್ಲಿಯೇ ಕೇಳಿಕೊಳ್ಳಿ.

ಅಂಗಡಿ ತೆರೆದು ಮೂವತ್ತು ದಿನಗಳೊಳಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸಬೇಕು. ಇದು ಇ-ಕಾರ್ಮಿಕ ಜಾಲತಾಣದಲ್ಲಿ ಆಗುತ್ತದೆ, ಐದು ವರ್ಷ ನಡೆಯುತ್ತದೆ.

ಉದ್ಯಮ್ ನೋಂದಣಿಯು ಪರವಾನಗಿಯಲ್ಲ. ನಿಮ್ಮದು ಅತಿಸಣ್ಣ ಉದ್ಯಮ ಎಂಬ ಗುರುತು ಅದು, ಸಾಲ ಮತ್ತು ಸಹಾಯಧನಕ್ಕೆ ಹೋದಾಗ ಕೇಳುತ್ತಾರೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಆಧಾರ್ ಸಂಖ್ಯೆಯ ಮೇಲೆ ಸಂಪೂರ್ಣ ಉಚಿತವಾಗಿ ಆಗುತ್ತದೆ. ಸರ್ಕಾರದ ತಾಣವನ್ನೇ ಹೋಲುವ ಖಾಸಗಿ ತಾಣಗಳು ಇದಕ್ಕೆ ಹಣ ಕೇಳುತ್ತವೆ, ಎಚ್ಚರವಿರಲಿ. ಆ ಮಧ್ಯವರ್ತಿಯ ಮೊತ್ತದಲ್ಲಿ ಇದೂ ಸೇರಿದೆಯೇ ಎಂದು ಒಮ್ಮೆ ಕೇಳಿ ನೋಡಿ. ಶುಲ್ಕಕ್ಕೆ ಸರ್ಕಾರದ ರಸೀದಿ, ಓಡಾಟಕ್ಕೆ ಬೇರೆ ಕೂಲಿ ಎಂದು ಬಿಡಿಸಿ ಹೇಳುವವರಿಗೆ ಕೆಲಸ ಒಪ್ಪಿಸುವುದರಲ್ಲಿ ತಪ್ಪಿಲ್ಲ. ಬಿಡಿಸಿ ಹೇಳದವರಿಗೆ ಒಪ್ಪಿಸಬೇಡಿ.

ಜಿಎಸ್‌ಟಿ ಕುರಿತು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಇಲ್ಲಿಯೇ ಹೆಚ್ಚು ಗೊಂದಲವಿದೆ. ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ವಾರ್ಷಿಕ 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಸೇವೆಗೆ ಈ ಮಿತಿ 20 ಲಕ್ಷ. ನೀವು ಮುಂದೊಂದು ದಿನ ಅಲ್ಲಿಯೇ ಮೇಜು ಹಾಕಿ ಊಟ ಬಡಿಸಲು ಆರಂಭಿಸಿದರೆ ಅದು ಸೇವೆಯಾಗುತ್ತದೆ, 20 ಲಕ್ಷದ ಲೆಕ್ಕಕ್ಕೆ ಬೀಳುತ್ತೀರಿ. ಈ ವರ್ಷದ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗಳ ಮೇಲಿನ ತೆರಿಗೆಯನ್ನು ತೆಗೆದಿದ್ದಾರೆ. ಆದರೆ ಚಟ್ನಿಪುಡಿ ತೆರಿಗೆಯುಳ್ಳ ಸರಕು. ಎರಡನ್ನೂ ಮಾರುವವರು 40 ಲಕ್ಷದ ಮಿತಿಯನ್ನು ಲೆಕ್ಕ ಹಾಕುವಾಗ ರೊಟ್ಟಿಯ ಮಾರಾಟವನ್ನೂ ಕೂಡಿಸಿಕೊಳ್ಳಬೇಕು. ತೆರಿಗೆಯಿಲ್ಲ ಎಂದು ಅದನ್ನು ಬಿಟ್ಟು ಎಣಿಸುವಂತಿಲ್ಲ. ಹೊರರಾಜ್ಯಕ್ಕೆ ಸರಕು ಕಳುಹಿಸುವುದಾದರೆ ಮಿತಿಯ ಮಾತೇ ಇಲ್ಲ, ಮೊದಲೇ ನೋಂದಣಿ ಬೇಕು.

ಕಳೆದ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯು ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಯವರಿಗೆಲ್ಲ ನೋಟಿಸು ಕಳುಹಿಸಿದಾಗ ರಾಜ್ಯದಾದ್ಯಂತ ಎಷ್ಟು ಆತಂಕವಾಯಿತೆಂಬುದು ಎಲ್ಲರಿಗೂ ನೆನಪಿದೆ. ಅದರಿಂದ ಹೆದರಿ ಕ್ಯೂಆರ್ ಹಲಗೆಯನ್ನು ತೆಗೆದುಹಾಕುವುದು ಪರಿಹಾರವಲ್ಲ. ಅಂಗಡಿಗೆಂದೇ ಪ್ರತ್ಯೇಕ ಚಾಲ್ತಿ ಖಾತೆ ತೆರೆದು, ಮನೆಯ ಹಣವೂ ಚೀಟಿಯ ಹಣವೂ ಅದರಲ್ಲಿ ಬೆರೆಯದಂತೆ ನೋಡಿಕೊಂಡರೆ ಯಾವಾಗ ಕೇಳಿದರೂ ಲೆಕ್ಕ ಕೊಡಬಹುದು. ಒಬ್ಬರದೇ ಒಡೆತನದ ಉದ್ಯಮಕ್ಕೆ ಚಾಲ್ತಿ ಖಾತೆ ತೆರೆಯುವಾಗ ಬ್ಯಾಂಕಿನವರು ಸಾಮಾನ್ಯವಾಗಿ ಎರಡು ದಾಖಲೆಗಳನ್ನು ಕೇಳುತ್ತಾರೆ. ಉದ್ಯಮ್ ಪ್ರಮಾಣಪತ್ರ ಮತ್ತು ಅಂಗಡಿ ನೋಂದಣಿ ಪತ್ರಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ.

ಕೊನೆಯದಾಗಿ, ಎಲ್ಲ ಅರ್ಜಿಗಳಲ್ಲಿಯೂ ಅಂಗಡಿಯ ಹೆಸರು, ನಿಮ್ಮ ಹೆಸರು ಮತ್ತು ವಿಳಾಸ ಅಕ್ಷರಶಃ ಒಂದೇ ಆಗಿರಲಿ. ಆಧಾರಿನಲ್ಲಿ ಗಂಡನ ಹೆಸರು, ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು, ಕರಾರಿನಲ್ಲಿ ಹಳೆಯ ಮನೆಯ ನಂಬರು, ಹೀಗೆ ಚದುರಿಹೋದ ಅರ್ಜಿಗಳು ವಾಪಸಾಗುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಬೆಣ್ಣೆದೋಸೆ ಹೋಟೆಲಿನವರು, ವಿನೋಬನಗರ | 4 ನವೆಂಬರ್ 2025

ಮೇಲಿನ ಉತ್ತರ ಬಹಳ ಸೊಗಸಾಗಿದೆ. ಸ್ಥಳ ಪರಿಶೀಲನೆಗೆ ಬಂದಾಗ ಏನು ನೋಡುತ್ತಾರೆ ಎಂಬುದನ್ನು ನಾನು ಸೇರಿಸುತ್ತೇನೆ.

ಪಾಲಿಕೆಯ ಆರೋಗ್ಯ ನಿರೀಕ್ಷಕರು ಬಂದಾಗ ನಮ್ಮಲ್ಲಿ ಮೊದಲು ನೋಡಿದ್ದು ಒಲೆಯನ್ನಲ್ಲ, ಪಾತ್ರೆ ತೊಳೆಯುವ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಹಿಂದಿನ ಕೋಣೆಯ ನೀರು ತೆರೆದ ಚರಂಡಿಗೆ ಬೀಳುತ್ತಿದ್ದರೆ ಅದನ್ನು ಒಳಚರಂಡಿಗೆ ಜೋಡಿಸಿಕೊಳ್ಳಿ. ಕಸ ಹಸಿ, ಒಣ ಎಂದು ಬೇರೆ ಬೇರೆ ಡಬ್ಬಿಯಲ್ಲಿರಲಿ. ಕೋಣೆಗೆ ಸುಣ್ಣವಾಗಲಿ ಬಣ್ಣವಾಗಲಿ ಬಳಿದು, ಕಿಟಕಿಗೆ ನೊಣ ಬಾರದಂತೆ ಜಾಲರಿ ಹಾಕಿಸಿ. ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ, ನಿಮ್ಮಿಬ್ಬರನ್ನೂ ಸೇರಿಸಿ, ವರ್ಷಕ್ಕೊಮ್ಮೆ ವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಮಾಡಿಸಿ ಕಡತದಲ್ಲಿಡಿ. ಕುಡಿಯುವ ನೀರಿನ ಪರೀಕ್ಷಾ ವರದಿಯೂ ಜೊತೆಗಿರಲಿ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿಯಿರುವುದು ಮೆಣಸಿನಕಾಯಿಯ ಘಾಟಿನ ಬಗ್ಗೆ. ಬ್ಯಾಡಗಿಯಾಗಲಿ ಗುಂಟೂರಾಗಲಿ, ಮೆಣಸಿನಕಾಯಿ ಹುರಿದು ಯಂತ್ರಕ್ಕೆ ಹಾಕುವ ಹೊತ್ತಿನಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಕೆಮ್ಮಲು ಶುರುಮಾಡುತ್ತಾರೆ. ಮನೆಯಲ್ಲಿ ಅರ್ಧ ಕಿಲೋ ಹುರಿಯುವಾಗ ಯಾರೂ ಮಾತನಾಡುವುದಿಲ್ಲ, ದಿನವೂ ಹತ್ತು ಕಿಲೋ ಹುರಿದರೆ ದೂರು ಬಂದೇ ಬರುತ್ತದೆ. ನೆರೆಯವರ ಒಂದು ಲಿಖಿತ ಆಕ್ಷೇಪಣೆ ಸಾಕು, ಪರವಾನಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಗೋಡೆಗೆ ಬರಿಯ ಫ್ಯಾನು ಕೂರಿಸಿ ಪಕ್ಕದ ಮನೆಯ ಕಿಟಕಿಯತ್ತ ಗಾಳಿ ದೂಡಬೇಡಿ. ಹೊಗೆ ಹೀರುವ ಕೊಳವೆಯನ್ನು ಮಾಳಿಗೆಯ ಮೇಲಕ್ಕೆ, ಸುತ್ತಲಿನ ಮನೆಗಳಿಗಿಂತ ಎತ್ತರಕ್ಕೆ ಒಯ್ಯಿರಿ. ಪರವಾನಗಿಗೆ ಅರ್ಜಿ ಹಾಕುವ ಮೊದಲೇ ಅಕ್ಕಪಕ್ಕದವರಿಗೆ ವಿಷಯ ತಿಳಿಸಿ, ಹುರಿಯುವ ಸಮಯವನ್ನೂ ಅವರೊಡನೆ ಮಾತನಾಡಿ ಗೊತ್ತುಮಾಡಿಕೊಳ್ಳಿ. ಮಸಾಲೆ ಪುಡಿ ಮಾಡುವ ಘಟಕಗಳನ್ನು ಮಾಲಿನ್ಯ ನಿಯಂತ್ರಣ ಮಂಡಳಿಯೂ ತನ್ನ ವರ್ಗೀಕರಣದಲ್ಲಿ ಸೇರಿಸಿದೆ. ನಿಮ್ಮ ಯಂತ್ರದ ಅಶ್ವಶಕ್ತಿಯನ್ನು ಹೇಳಿ ಅವರ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿದರೆ ಸಮ್ಮತಿ ಬೇಕೇ ಬೇಡವೇ ಎಂಬುದು ಸ್ಪಷ್ಟವಾಗುತ್ತದೆ.

ವಿದ್ಯುತ್ ಮತ್ತು ಅನಿಲದ ವಿಷಯದಲ್ಲಿ ಅಡ್ಡದಾರಿ ಹಿಡಿಯಬೇಡಿ. ಮನೆಯ ಮೀಟರಿನಿಂದ ಮಳಿಗೆಗೆ ತಂತಿ ಎಳೆದುಕೊಳ್ಳುವುದು ಅನೇಕ ಕಡೆ ಕಾಣುತ್ತದೆ. ಗೃಹಜ್ಯೋತಿಯ 200 ಯೂನಿಟ್ ಮನೆಬಳಕೆಗೆ ಮಾತ್ರ. ಅದರಲ್ಲಿ ವ್ಯಾಪಾರ ನಡೆಸಿದರೆ ಬೆಸ್ಕಾಂನವರು ದಂಡ ಹಾಕುತ್ತಾರೆ, ಮನೆಯ ಸೌಲಭ್ಯಕ್ಕೂ ಕುತ್ತು ಬರುತ್ತದೆ. ಮಾಲೀಕರ ಒಪ್ಪಿಗೆ ಪತ್ರದೊಂದಿಗೆ ಮಳಿಗೆಗೇ ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳಿ. ಹಾಗೆಯೇ 14.2 ಕಿಲೋದ ಮನೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. 19 ಕಿಲೋದ ವಾಣಿಜ್ಯ ಸಿಲಿಂಡರ್ ಸಂಪರ್ಕವನ್ನೇ ಪಡೆಯಬೇಕು.

ಪಾಲಿಕೆಯ ಅರ್ಜಿಯನ್ನು ಕೊಟ್ಟ ಕೂಡಲೇ ಸಕಾಲದ ಸಂಖ್ಯೆಯಿರುವ ಸ್ವೀಕೃತಿಯನ್ನು ಕೇಳಿ ಪಡೆದುಕೊಳ್ಳಿ. 2011ರ ಸಕಾಲ ಕಾಯ್ದೆಯು ನಮ್ಮಂಥವರಿಗೆ ಕೊಟ್ಟಿರುವ ದೊಡ್ಡ ಬಲ ಅದು. ಗಡುವು ಮೀರಿದರೆ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬದ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೊಡಬೇಕೆಂದು ಕಾಯ್ದೆಯಲ್ಲಿದೆ. ಪರಿಹಾರದ ಮೊತ್ತ ಸಣ್ಣದು, ಆದರೆ ಸಂಖ್ಯೆ ಇರುವ ಅರ್ಜಿಯನ್ನು ಮೇಜಿನ ಮೇಲೆ ಸುಮ್ಮನೆ ಬಿಟ್ಟಿರುವುದಿಲ್ಲ. ಕಾಗದವೊಂದು ಕಡಿಮೆಯಿದೆ ಎಂದು ಬಾಯಿಮಾತಿನಲ್ಲಿ ಹೇಳಿ ವಾಪಸು ಕಳುಹಿಸಿದರೆ, ಯಾವುದು ಕಡಿಮೆಯಿದೆ ಎಂಬುದನ್ನು ವಿನಯದಿಂದಲೇ ಬರವಣಿಗೆಯಲ್ಲಿ ಕೇಳಿ.

ಗಾಣದ ಎಣ್ಣೆಯವರು, ಚಳ್ಳಕೆರೆ | 5 ನವೆಂಬರ್ 2025

ತಂಗಿ, ನೀವು ಕಿರಾಣಿ ಅಂಗಡಿಗಳಿಗೆ ಪೊಟ್ಟಣ ಕಟ್ಟಿ ಕೊಡುವುದಾಗಿ ಬರೆದಿದ್ದೀರಿ. ಪೊಟ್ಟಣ ಎಂದ ಕೂಡಲೇ ಇನ್ನೊಂದು ಇಲಾಖೆ ಬರುತ್ತದೆ. ಅದನ್ನು ಯಾರೂ ಹೇಳದೆ ಇರುವುದರಿಂದ ನಾನು ಬರೆಯುತ್ತಿದ್ದೇನೆ.

ಅದು ಕಾನೂನು ಮಾಪನಶಾಸ್ತ್ರ ಇಲಾಖೆ, ಜನರ ಬಾಯಲ್ಲಿ ತೂಕ ಮತ್ತು ಅಳತೆ ಇಲಾಖೆ. ಮೊದಲೇ ಕಟ್ಟಿದ ಪೊಟ್ಟಣವನ್ನು ಮಾರುವವರು 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಕರೆಂದು, ಕೆಲಸ ಆರಂಭಿಸಿದ 90 ದಿನಗಳೊಳಗೆ, ನೋಂದಾಯಿಸಿಕೊಳ್ಳಬೇಕು. ಶುಲ್ಕ 500 ರೂಪಾಯಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ ಮುದ್ರೆ ಹಾಕಿಸಬೇಕು. ಮುದ್ರೆಯ ಪ್ರಮಾಣಪತ್ರವನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಿ.

ಚೀಟಿಯ ಮೇಲೆ ಏನಿರಬೇಕು ಎಂಬುದನ್ನು ನಿಮ್ಮ ಶೇಂಗಾ ಚಟ್ನಿಪುಡಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. 200 ಗ್ರಾಮಿನ ಪೊಟ್ಟಣವನ್ನು 80 ರೂಪಾಯಿಗೆ ಮಾರುತ್ತೀರಿ ಎಂದುಕೊಳ್ಳಿ. ಪದಾರ್ಥದ ಹೆಸರು, ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಜೀರಿಗೆ ಎಂದು, ಹೆಚ್ಚು ಹಾಕಿದ್ದು ಮೊದಲು ಬರುವಂತೆ, ಬಳಸಿದ ಸಾಮಗ್ರಿಗಳ ಪಟ್ಟಿ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ನಿವ್ವಳ ತೂಕ, ತಯಾರಿಸಿದ ದಿನ, ಬಳಕೆಯ ಕೊನೆಯ ದಿನ, ಬ್ಯಾಚ್ ಸಂಖ್ಯೆ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಮೊಂದಕ್ಕೆ 40 ಪೈಸೆ ಎಂಬ ಘಟಕ ಬೆಲೆ, ನಿಮ್ಮ ಪೂರ್ತಿ ವಿಳಾಸ, ದೂರು ಹೇಳಲು ಫೋನ್ ಸಂಖ್ಯೆ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು ಅದರ 14 ಅಂಕಿಯ ಸಂಖ್ಯೆ. ಇಷ್ಟರ ಜೊತೆಗೆ ಶೇಂಗಾ ಇದೆ ಎಂಬ ಎಚ್ಚರಿಕೆಯ ಸಾಲನ್ನು ಪ್ರತ್ಯೇಕವಾಗಿ ಹಾಕಲೇಬೇಕು, ಏಕೆಂದರೆ ಶೇಂಗಾ ಕೆಲವರಿಗೆ ಒಗ್ಗದ ಆಹಾರಗಳ ಪಟ್ಟಿಯಲ್ಲಿದೆ. ಒಗ್ಗದವರಿಗೆ ಅದು ಪ್ರಾಣಕ್ಕೇ ಸಂಚಕಾರ. ಹೆಸರಿನಲ್ಲಿಯೇ ಶೇಂಗಾ ಇದೆಯಲ್ಲ ಎಂದು ಬಿಡಬೇಡಿ. ಅದೇ ಯಂತ್ರದಲ್ಲಿ ಗುರೆಳ್ಳು, ಅಗಸೆ ಪುಡಿಗಳನ್ನೂ ಮಾಡುವುದರಿಂದ ಆ ಪೊಟ್ಟಣಗಳ ಮೇಲೂ ಶೇಂಗಾದ ಅಂಶ ಇರಬಹುದೆಂದು ಬರೆಯುವುದು ಒಳ್ಳೆಯದು. ರೊಟ್ಟಿಯನ್ನು ಎಣಿಕೆಯ ಮೇಲೆ ಮಾರುವುದಾದರೆ ಒಂದು ರೊಟ್ಟಿಗೆ ಎಷ್ಟು ಎಂಬುದು ಘಟಕ ಬೆಲೆಯಾಗುತ್ತದೆ.

ಚೀಟಿಯ ವಿವರಗಳು ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಇರಬೇಕೆಂದು ಕೇಂದ್ರದ ನಿಯಮವಿದೆ; ಕರ್ನಾಟಕದಲ್ಲಿ ತಯಾರಿಸಿ ಇಲ್ಲಿ ಮಾರುವ ಸರಕಿನ ಹೆಸರೂ ಬಳಕೆಯ ಸೂಚನೆಯೂ ಕನ್ನಡದಲ್ಲಿರಬೇಕೆಂದು ನಮ್ಮ ರಾಜ್ಯದ ಕಾಯ್ದೆಯಿದೆ. ಎರಡನ್ನೂ ಹಾಕಿಸಿ. ಸಾವಿರಾರು ಚೀಟಿ ಅಚ್ಚು ಹಾಕಿಸುವ ಮೊದಲು ಒಂದು ಮಾದರಿಯನ್ನು ಆಹಾರ, ಮಾಪನ ಎರಡೂ ಇಲಾಖೆಯವರಿಗೆ ತೋರಿಸಿ ಬನ್ನಿ. ನಮ್ಮ ಕಡೆಯ ಅಧಿಕಾರಿಗಳು ಕೇಳಿದವರಿಗೆ ತಿದ್ದಿ ಹೇಳಿದ್ದಾರೆ.

ಶೇಂಗಾ ಕೊಳ್ಳುವಾಗ ಕಾಳನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟಿನ ವಾಸನೆಯ ಕಾಳನ್ನು ಆರಿಸಿ ತೆಗೆಯಬೇಕು. ಸರಿಯಾಗಿ ಒಣಗದ ಶೇಂಗಾದಲ್ಲಿ ಬೆಳೆಯುವ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಆಹಾರ ಸುರಕ್ಷತಾಧಿಕಾರಿಗಳು ಮಾದರಿ ಒಯ್ದರೆ ಪ್ರಯೋಗಾಲಯದಲ್ಲಿ ನೋಡುವ ಅಂಶಗಳಲ್ಲಿ ಅದೂ ಒಂದು. ಬಣ್ಣ ಚೆನ್ನಾಗಿ ಬರಲೆಂದು ಪುಡಿಗೆ ಕೃತಕ ಬಣ್ಣ ಬೆರೆಸುವವರೂ ಇದ್ದಾರೆ. 2024ರಲ್ಲಿ ಗೋಬಿ ಮಂಚೂರಿ, ಕಬಾಬ್‌ಗಳ ಬಣ್ಣಕ್ಕೆ ರಾಜ್ಯದಲ್ಲಿ ನಿಷೇಧ ಬಂದ ಮೇಲೆ ತಪಾಸಣೆ ಬಿಗಿಯಾಗಿದೆ. ಒಳ್ಳೆಯ ಬ್ಯಾಡಗಿ ಹಾಕಿದರೆ ಬೇರೆ ಬಣ್ಣ ಬೇಕಿಲ್ಲ.

ಹಾಗೆಯೇ, ಗಿರಾಕಿ ಕೇಳಿದರೆಂದು ನಮ್ಮಂಥವರಿಂದ ಗಾಣದ ಎಣ್ಣೆ ತಂದು ಡಬ್ಬಿಯಿಂದ ಅಳೆದು ಮಾರಲು ಹೋಗಬೇಡಿ. ಖಾದ್ಯ ತೈಲವನ್ನು ಬಿಡಿಯಾಗಿ ಮಾರುವುದಕ್ಕೆ ನಿರ್ಬಂಧವಿದೆ. ಮಾರುವುದಾದರೆ ಮುಚ್ಚಿದ, ಚೀಟಿ ಹಚ್ಚಿದ ಸೀಸೆಯಲ್ಲಿಯೇ ಮಾರಬೇಕು.

ನಿಟುವಳ್ಳಿ ನಿವಾಸಿ | 6 ನವೆಂಬರ್ 2025

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾಲೀಕರೊಂದಿಗೆ ಮಾತನಾಡಿದೆವು. ತೆರಿಗೆಯ ವ್ಯತ್ಯಾಸದ ಷರತ್ತನ್ನು ಬರೆಸುವುದಾದರೆ ಖಾತಾ ನಕಲು ಕೊಡುವುದಾಗಿ ಒಪ್ಪಿದ್ದಾರೆ. ಕಟ್ಟಡದ ಆ ಭಾಗವನ್ನು ವಾಣಿಜ್ಯವೆಂದು ದಾಖಲಿಸಲು ಅವರೇ ಅರ್ಜಿ ಕೊಡುತ್ತಾರಂತೆ, ಅದಕ್ಕೆ ಸ್ವಲ್ಪ ಕಾಲ ಹಿಡಿಯುತ್ತದೆ.

ಇನ್ನು ಮೂರು ಸಂದೇಹಗಳಿವೆ. ಮಳಿಗೆಯ ಕೆಲಸ ಮುಗಿಯುವವರೆಗೆ ಮನೆಯ ವಿಳಾಸದಲ್ಲಿಯೇ ಆಹಾರ ನೋಂದಣಿ ಪಡೆದು ಮುಂದುವರಿಯಬಹುದೇ? ನಾನು ಮತ್ತು ನಾದಿನಿ ಇಬ್ಬರೂ ಸಮಪಾಲಿನಲ್ಲಿ ಹಣ ಹಾಕುತ್ತಿರುವುದರಿಂದ ಪರವಾನಗಿಯನ್ನು ಯಾರ ಹೆಸರಿನಲ್ಲಿ ಮಾಡಿಸಬೇಕು? ಯಂತ್ರಕ್ಕೆ ಸಹಾಯಧನ ಸಿಗುತ್ತದೆ ಎಂದು ಸ್ತ್ರೀಶಕ್ತಿ ಸಂಘದಲ್ಲಿ ಹೇಳಿದರು, ಅದು ನಿಜವೇ?

ತೆರಿಗೆ ಸಲಹೆಗಾರ, ಪಿ.ಜೆ. ಬಡಾವಣೆ | 6 ನವೆಂಬರ್ 2025

ಮನೆಯಲ್ಲಿ ಆಹಾರ ತಯಾರಿಸಿ ಮಾರುವವರಿಗೂ ಈ ನೋಂದಣಿ ಸಿಗುತ್ತದೆ, ಸಿಗುವುದಷ್ಟೇ ಅಲ್ಲ, ಇರಲೇಬೇಕು. ಈಗ ನೀವು ಪರಿಚಯದವರಿಗೆ ಕೊಡುತ್ತಿರುವುದೂ ಮಾರಾಟವೇ, ಆದ್ದರಿಂದ ಇವತ್ತೇ ಅರ್ಜಿ ಹಾಕಿ. ಆದರೆ ನೋಂದಣಿಯು ಸ್ಥಳಕ್ಕೆ ಅಂಟಿಕೊಂಡದ್ದು. ಮನೆಯ ನೋಂದಣಿ ಮಳಿಗೆಗೆ ನಡೆಯುವುದಿಲ್ಲ, ತಯಾರಿಕೆ ಅಲ್ಲಿಗೆ ಹೋದ ದಿನ ಆ ವಿಳಾಸಕ್ಕೆ ಬೇರೆ ಪಡೆಯಬೇಕು. ಹಾಗಾಗಿ ಮನೆಯ ವಿಳಾಸಕ್ಕೆ ಒಂದೇ ವರ್ಷದ ಶುಲ್ಕ ಕಟ್ಟಿ; ಚೀಟಿಗಳನ್ನೂ ಈಗ ಸ್ವಲ್ಪವೇ ಅಚ್ಚು ಹಾಕಿಸಿ.

ಹೆಸರಿನ ಪ್ರಶ್ನೆ ನೀವು ಎಣಿಸಿರುವುದಕ್ಕಿಂತ ದೊಡ್ಡದು. ಒಬ್ಬರ ಹೆಸರಿನಲ್ಲಿ ಮಾಡಿಸಿದರೆ ಕಾನೂನಿನ ಕಣ್ಣಿನಲ್ಲಿ ಅಂಗಡಿ ಅವರೊಬ್ಬರದೇ. ಲಾಭ, ಸಾಲ, ದಂಡ, ಹೆಸರು ಎಲ್ಲವೂ ಅವರಿಗೆ ಸೇರುತ್ತವೆ. ಇಬ್ಬರೂ ಸಮವಾಗಿ ಹಣ ಹಾಕುವುದಾದರೆ ಪಾಲುದಾರಿಕೆ ಪತ್ರ ಬರೆಸಿ, ಸಂಸ್ಥೆಯ ಹೆಸರಿನಲ್ಲಿಯೇ ಪ್ಯಾನ್ ಪಡೆದು, ಬಾಡಿಗೆ ಕರಾರಿನಿಂದ ಹಿಡಿದು ಎಲ್ಲವನ್ನೂ ಸಂಸ್ಥೆಯ ಹೆಸರಿನಲ್ಲಿ ಮಾಡಿಸಿ. 1932ರ ಪಾಲುದಾರಿಕೆ ಕಾಯ್ದೆಯಡಿ ನೋಂದಣಿ ಕಡ್ಡಾಯವಲ್ಲದಿದ್ದರೂ, ನೋಂದಾಯಿಸದ ಸಂಸ್ಥೆಯು ವ್ಯವಹಾರದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು. ಕಿರಾಣಿ ಅಂಗಡಿಗಳಿಗೆ ಉದ್ರಿ ಕೊಡುವವರಿಗೆ ಇದು ಮುಖ್ಯ. ಮನೆಯವರ ನಡುವೆ ಪತ್ರವೇಕೆ ಎಂದು ಹಿರಿಯರು ಕೇಳಬಹುದು. ಪ್ರೀತಿ ಇರುವಾಗಲೇ ಬರೆದಿಟ್ಟ ಪತ್ರದಿಂದ ಸಂಬಂಧ ಉಳಿಯುತ್ತದೆಂಬುದನ್ನು ನನ್ನ ಕಕ್ಷಿದಾರರಲ್ಲಿ ಕಂಡಿದ್ದೇನೆ, ಆದ್ದರಿಂದ ಸಂಕೋಚವಿಲ್ಲದೆ ಹೇಳುತ್ತಿದ್ದೇನೆ. ಇದನ್ನು ಕರಾರಿಗೆ ಮೊದಲೇ ತೀರ್ಮಾನಿಸಿ. ಆಮೇಲೆ ಬದಲಿಸಿದರೆ ಪ್ರತಿಯೊಂದು ಕಾಗದವನ್ನೂ ಹೊಸದಾಗಿ ಮಾಡಿಸಬೇಕಾಗುತ್ತದೆ.

ಸಹಾಯಧನದ ಮಾತು ನಿಜ. ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ 2020ರಲ್ಲಿ ಬಂತು. ಬ್ಯಾಂಕ್ ಸಾಲದೊಂದಿಗೆ ಜೋಡಿಸಿದ ಶೇಕಡಾ 35ರಷ್ಟು ಸಹಾಯಧನಕ್ಕೆ ನಮ್ಮ ರಾಜ್ಯವು ಇನ್ನೂ 15ರಷ್ಟನ್ನು ಸೇರಿಸಿ, ಒಟ್ಟು ಶೇಕಡಾ 50, ಗರಿಷ್ಠ 15 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿನ ರಾಜ್ಯ ನಿಗಮ. ಜಿಲ್ಲೆಯಲ್ಲಿ ನೇಮಕವಾಗಿರುವ ಸಂಪನ್ಮೂಲ ವ್ಯಕ್ತಿಗಳು ಯೋಜನಾ ವರದಿ ಬರೆಯುವುದರಿಂದ ಹಿಡಿದು ಆಹಾರ ನೋಂದಣಿ, ಉದ್ಯಮ್ ನೋಂದಣಿಗಳವರೆಗೆ ಸಹಾಯ ಮಾಡುತ್ತಾರೆ. ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಸಾಲ ಮಂಜೂರಾಗುವ ಮೊದಲು ಕೈಯಿಂದ ಹಣ ಕೊಟ್ಟು ಯಂತ್ರ ತರಬೇಡಿ, ಸಹಾಯಧನ ಬರುವುದು ಬ್ಯಾಂಕಿನ ಸಾಲದ ಖಾತೆಯ ಮೂಲಕ. ಯೋಜನೆಯ ಅವಧಿ 2026ರ ಮಾರ್ಚ್‌ವರೆಗೆ, ತಡ ಮಾಡಬೇಡಿ.

ನಿಟುವಳ್ಳಿ ನಿವಾಸಿ | 8 ನವೆಂಬರ್ 2025

ಸರ್, ಪಾಲುದಾರಿಕೆಗೇ ಮನೆಯವರೆಲ್ಲ ಒಪ್ಪಿದ್ದಾರೆ. ಪತ್ರ ಬರೆಸಿದ ಮೇಲೆಯೇ ಕರಾರು ಮಾಡಿಕೊಳ್ಳುತ್ತೇವೆ. ಮನೆಯ ವಿಳಾಸಕ್ಕೆ ಆಹಾರ ನೋಂದಣಿಯ ಅರ್ಜಿಯನ್ನು ನಿನ್ನೆ ನಾದಿನಿಯ ಮಗಳು ಕುಳಿತು ತುಂಬಿದಳು, ಯಾರ ಸಹಾಯವೂ ಬೇಕಾಗಲಿಲ್ಲ. ಮಧ್ಯವರ್ತಿಗೆ ಬೇಡವೆಂದು ತಿಳಿಸಿದ್ದೇವೆ. ನಾಮಫಲಕ ಬರೆಯುವವರು ಇಂಗ್ಲಿಷಿನಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಕೆಳಗೆ ಬರೆಯೋಣ ಎನ್ನುತ್ತಿದ್ದಾರೆ. ಅದಕ್ಕೂ ನಿಯಮವಿದೆಯೇ?

ಬೆಣ್ಣೆದೋಸೆ ಹೋಟೆಲಿನವರು, ವಿನೋಬನಗರ | 8 ನವೆಂಬರ್ 2025

ಇದೆ, ಅಕ್ಕ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಪಾಲಿಕೆಯವರು ಪರವಾನಗಿ ಕೊಡುವಾಗ ಫಲಕವನ್ನೂ ನೋಡುತ್ತಾರೆ. ಪಾಲುದಾರಿಕೆ ಪತ್ರದಲ್ಲಿ ಸಂಸ್ಥೆಯ ಹೆಸರು ಹೇಗಿದೆಯೋ ಹಾಗೆಯೇ ಫಲಕದಲ್ಲಿಯೂ ಬರೆಸಿ, ಫೋಟೊ ತೆಗೆದು ಅರ್ಜಿಯೊಂದಿಗೆ ಲಗತ್ತಿಸಿ. ರಸ್ತೆಯ ಕಡೆಗೆ ಚಾಚುವ ಅಥವಾ ಬೆಳಕಿನ ಫಲಕ ಹಾಕಿಸುವುದಾದರೆ ಜಾಹೀರಾತು ಶುಲ್ಕ ಬೀಳುತ್ತದೆಯೇ ಎಂಬುದನ್ನು ಕಂದಾಯ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ. ಶಟರಿನ ಮೇಲೆ ಗೋಡೆಗೆ ಒತ್ತಿ ಹಾಕುವ ಸಾದಾ ಫಲಕವೇ ಸದ್ಯಕ್ಕೆ ಸಾಕು.